ಅಂಡಮಾನಿನಲ್ಲಿ ಮನೆಯವರ ಫೋಟೊ ತೆಗೆಯುವುದು ಹೇಗೆ: ತುಮಕೂರಿನ ಸ್ಟುಡಿಯೋದವನ ಮಾತು

ಅಂಡಮಾನಿಗೆ ಟಿಕೆಟ್ ಮಾಡಿಸಿದವರು ನಮ್ಮ ಸ್ಟುಡಿಯೋಗೆ ಬಂದಾಗ ಕೇಳುವ ಪ್ರಶ್ನೆ ಒಂದೇ. “ಅಣ್ಣ, ಅಲ್ಲಿಗೆ ಯಾವ ಕ್ಯಾಮೆರಾ ಒಳ್ಳೇದು?” ನಾನು ತಿರುಗಿ ಕೇಳುವುದೂ ಒಂದೇ. “ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರ?”

ತಮಾಷೆ ಅಂದುಕೊಂಡು ನಗುತ್ತಾರೆ. ಆದರೆ ಆ ದ್ವೀಪಗಳಲ್ಲಿ ಫೋಟೊ ಕೆಡುವುದಕ್ಕೆ ಹೆಚ್ಚಾಗಿ ಕಾರಣ ಹೊತ್ತು ತಪ್ಪಿದ್ದು. ನಮ್ಮ ಅಕ್ಕ, ಭಾವ ಪೋರ್ಟ್ ಬ್ಲೇರಿನಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. 2024ರಿಂದ ಆ ಊರಿನ ಹೆಸರು ಶ್ರೀ ವಿಜಯ ಪುರಂ. ಅಮ್ಮನ ಬಾಯಲ್ಲಿ ಮಾತ್ರ ಅದು “ದೊಡ್ಡೋಳ ಮನೆ”. ಚಳಿಗಾಲ ಬಂತು ಅಂದರೆ ತುಮಕೂರಿನಿಂದ ನಮ್ಮವರು ಯಾರಾದರೂ ಅಲ್ಲಿಗೆ ಹೊರಟಿರುತ್ತಾರೆ. ಮದುವೆ, ನಾಮಕರಣ, ಗೃಹಪ್ರವೇಶದ ಫೋಟೊ ತೆಗೆದು ಬದುಕುವವನು ನಾನು. ಅಲ್ಲಿಗೆ ಹೋದರೂ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೂ ಹೋಗಿ, ಸಮುದ್ರಕ್ಕೂ ಇಳಿದು ಬರುವವರಿಗೆ ನಾನು ಕೌಂಟರಿನಲ್ಲಿ ನಿಂತು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಅಲ್ಲಿ ಮಧ್ಯಾಹ್ನ ಬೇಗ ಆಗುತ್ತದೆ

ನಮ್ಮ ದೇಶಕ್ಕೆಲ್ಲ ಗಡಿಯಾರ ಒಂದೇ. ಆದರೆ ಪೋರ್ಟ್ ಬ್ಲೇರ್ ತುಮಕೂರಿಗಿಂತ ಹದಿನೈದೂವರೆ ಡಿಗ್ರಿಯಷ್ಟು ಪೂರ್ವಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕ ಹಾಕಿ, ಅಲ್ಲಿ ಸೂರ್ಯ ನಮಗಿಂತ ಒಂದು ಗಂಟೆ ಮುಂದೆ. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ 6.40ರ ಹೊತ್ತಿಗೆ ಹುಟ್ಟಿ ಸಂಜೆ 6ರ ಸುಮಾರಿಗೆ ಮುಳುಗಿದರೆ, ಅಲ್ಲಿ 5.35ರ ಸುಮಾರಿಗೆ ಹುಟ್ಟಿ ಸಂಜೆ 5 ದಾಟುತ್ತಲೇ ಮುಳುಗುತ್ತಾನೆ. ನೆತ್ತಿಯ ಮೇಲೆ ಬರುವುದು 12ಕ್ಕಲ್ಲ, 11.20ರ ಆಸುಪಾಸಿನಲ್ಲಿ.

ನಮ್ಮವರು ಏನು ಮಾಡುತ್ತಾರೆ ಅಂದರೆ, ಊರಿನ ಅಭ್ಯಾಸದಂತೆ 7ಕ್ಕೆ ಎದ್ದು, ಸ್ನಾನ ಮಾಡಿ, ಹೋಟೆಲಿನಲ್ಲಿ ಪೂರಿ ತಿಂದು 9.30ಕ್ಕೆ ಬೀಚಿಗೆ ಇಳಿಯುತ್ತಾರೆ. ಅಷ್ಟೊತ್ತಿಗೆ ಅಲ್ಲಿನ ಬಿಸಿಲು ನಮ್ಮ 10.30ರ ಬಿಸಿಲು. ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು, ಮೂಗಿನ ಕೆಳಗೆ ಮೀಸೆ ಬರೆದಂತೆ ಇನ್ನೊಂದು ನೆರಳು, ಎಲ್ಲರ ಹುಬ್ಬೂ ಗಂಟು. ಸಂಜೆ “ಟೀ ಕುಡ್ಕೊಂಡು ಸನ್‌ಸೆಟ್ ನೋಡೋಣ” ಅಂತ 5ಕ್ಕೆ ಹೊರಟರೆ ಮುಗಿದೇ ಹೋಗಿರುತ್ತದೆ. ಭೂಮಧ್ಯರೇಖೆಗೆ ಹತ್ತಿರದ ಜಾಗಗಳಲ್ಲಿ ಸೂರ್ಯ ಓರೆಯಾಗಿ ಜಾರುವುದಿಲ್ಲ, ಹೆಚ್ಚುಕಡಿಮೆ ನೇರ ಇಳಿಯುತ್ತಾನೆ. ಮುಳುಗಿದ ಮೇಲೆ ಬಣ್ಣ ಉಳಿಯುವುದು 20–25 ನಿಮಿಷ ಅಷ್ಟೇ.

ಹಾಗಾಗಿ ದಿನವನ್ನು ಹೀಗೆ ಹಂಚಿಕೊಳ್ಳಿ. ಬೆಳಿಗ್ಗೆ 5.30ರಿಂದ 7.30 ಮುಖಗಳಿಗೆ. 8.30ರಿಂದ 11.30 ನೀರಿನೊಳಗಿನ ಫೋಟೊಗೆ, ಏಕೆಂದರೆ ಸೂರ್ಯ ಮೇಲೆ ಇದ್ದಷ್ಟೂ ಬೆಳಕು ನೀರಿನೊಳಗೆ ಇಳಿಯುತ್ತದೆ. ನಮಗೆ ಶತ್ರುವಾದ ಬಿಸಿಲು ಮೀನಿನ ಫೋಟೊಗೆ ಮಿತ್ರ. ಊಟದ ಹೊತ್ತು ಮನೆಯೊಳಗೆ ಇಲ್ಲವೇ ಮರದ ನೆರಳಲ್ಲಿ. 3.30ರ ಮೇಲೆ ಮತ್ತೆ ದಡಕ್ಕೆ.

ಯಾವ ಬೀಚ್ ಯಾವ ದಿಕ್ಕಿಗೆ ಮುಖ ಮಾಡಿದೆ ಅಂತ ಮ್ಯಾಪಿನಲ್ಲಿ ಮೊದಲೇ ನೋಡಿಕೊಳ್ಳಿ. ಹ್ಯಾವ್‌ಲಾಕ್, ಅಂದರೆ 2018ರ ಕೊನೆಯಲ್ಲಿ ಸ್ವರಾಜ್ ದ್ವೀಪ ಎಂದು ಹೆಸರಾದ ದ್ವೀಪದಲ್ಲಿ, ಕಾಲಾಪತ್ಥರ್ ಬೀಚ್ ಪೂರ್ವಕ್ಕಿದೆ. ರಾಧಾನಗರ ಪಶ್ಚಿಮಕ್ಕೆ. ನೀಲ್, ಅಂದರೆ ಶಹೀದ್ ದ್ವೀಪದಲ್ಲಿ ಬೆಳಗಿಗೆ ಸೀತಾಪುರ, ಸಂಜೆಗೆ ಲಕ್ಷ್ಮಣಪುರ. ರಾಧಾನಗರದಲ್ಲಿ ಸಂಜೆ ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತವರ ಮುಖ ಕಪ್ಪಾಗಿಯೇ ಬರುತ್ತದೆ. ಅದಕ್ಕೆ ಫೋನನ್ನು ಬೈದು ಪ್ರಯೋಜನವಿಲ್ಲ. ಅಲ್ಲಿ ಸಂಜೆ ನೆರಳುಚಿತ್ರ ತೆಗೆಯಿರಿ: ಮಗಳು ಅಪ್ಪನ ಹೆಗಲ ಮೇಲೆ, ಅಜ್ಜಿಯ ಕೈಯಲ್ಲಿ ಮೊಮ್ಮಗನ ಕೈ, ಇಬ್ಬರ ನಡುವೆ ಆಕಾಶ ಕಾಣುವಂತೆ ಸ್ವಲ್ಪ ಜಾಗ. ಆ ಜಾಗ ಇಲ್ಲದಿದ್ದರೆ ಇಬ್ಬರೂ ಅಂಟಿಕೊಂಡು ಒಂದು ಬಂಡೆಯಾಗುತ್ತಾರೆ.

ನೀಲ್‌ನಲ್ಲಿ ಕಲ್ಲು ತಾನೇ ಕಮಾನಾದ ಒಂದು ಸೇತುವೆ ಇದೆ. ಅದರ ಹತ್ತಿರ ಹೋಗಬೇಕಾದರೆ ಸಮುದ್ರದ ನೀರು ಇಳಿದಿರಬೇಕು. ಅಲ್ಲಿ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತು ಇಳಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ನಮ್ಮ ಅಮಾನಿಕೆರೆಯ ದಡದಲ್ಲಿ ಬೆಳೆದವರಿಗೆ ಇದು ಹೊಸದು, ಏಕೆಂದರೆ ಕೆರೆ ಇಳಿಯುವುದಕ್ಕೆ ಬೇಸಿಗೆ ಬರಬೇಕು. ದೋಣಿಯವರನ್ನು ಕೇಳಿದರೆ ಇಳಿತ ಎಷ್ಟು ಗಂಟೆಗೆ ಅಂತ ಥಟ್ಟನೆ ಹೇಳುತ್ತಾರೆ.

ಹೊರಡುವ ಮುಂಚೆ ಬಕೆಟ್ಟಿನಲ್ಲಿ ಒಂದು ಪರೀಕ್ಷೆ

ಫೋನಿಗೆ ನೀರು ತಾಗದ ಪ್ಲಾಸ್ಟಿಕ್ ಪೌಚ್ ಎಲ್ಲ ಕಡೆ ಸಿಗುತ್ತದೆ. ಕೊಂಡ ತಕ್ಷಣ ಫೋನ್ ಹಾಕಬೇಡಿ. ಒಂದು ಟಿಶ್ಯೂ ಪೇಪರನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟು, ಕ್ಲಿಪ್ ಒತ್ತಿ, ಬಚ್ಚಲಿನ ಬಕೆಟ್ ತುಂಬ ನೀರು ಹಿಡಿದು ಪೌಚನ್ನು ಮುಳುಗಿಸಿ. ಮೇಲೆ ಒಂದು ತುಂಬಿದ ಚೊಂಬು ಇಡಿ, ಇಲ್ಲದಿದ್ದರೆ ತೇಲಿಬಿಡುತ್ತದೆ. ಅರ್ಧ ಗಂಟೆ ಬಿಟ್ಟು ತೆಗೆದು, ಹೊರಗೆ ಚೆನ್ನಾಗಿ ಒರೆಸಿ, ಆಮೇಲೆ ಬಿಚ್ಚಿ. ಟಿಶ್ಯೂವಿನ ಮೂಲೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ನೀರು ನುಗ್ಗುವುದು ಕ್ಲಿಪ್ಪಿನ ಎರಡು ತುದಿಯಲ್ಲಿ, ಹಾಗಾಗಿ ಮೇಲಿನ ಮೂಲೆಯೇ ಮೊದಲು ತಣ್ಣಗಾಗುವುದು. ಒಂದು ಚುಕ್ಕೆ ಒದ್ದೆಯಿದ್ದರೂ ಆ ಪೌಚನ್ನು ಅಂಗಡಿಗೆ ವಾಪಸ್ ಕೊಡಿ.

“ನಮ್ಮ ಫೋನಿಗೆ ಐಪಿ68 ಇದೆ, ಪೌಚ್ ಯಾಕೆ?” ಅನ್ನುವವರಿದ್ದಾರೆ. ಐಪಿ68 ಅಂದರೆ ಫೋನ್ ನೀರು ತಡೆಯುತ್ತದೆ ಅನ್ನುವ ದರ್ಜೆ. ಅದನ್ನು ಕೊಡುವ ಮುಂಚೆ ಪರೀಕ್ಷೆ ಮಾಡುವುದು ಸಿಹಿನೀರಿನಲ್ಲಿ. ಉಪ್ಪುನೀರು ಬೇರೆ ಲೆಕ್ಕ. ಚಾರ್ಜರ್ ತೂತಿನೊಳಗೆ ಕೂತ ಉಪ್ಪು ನಿಧಾನಕ್ಕೆ ಲೋಹವನ್ನು ತಿನ್ನುತ್ತದೆ. ನೀರು ಹೋಗಿ ಹಾಳಾದರೆ ವಾರಂಟಿಯೂ ಸಾಮಾನ್ಯವಾಗಿ ಕೈಬಿಡುತ್ತದೆ.

ಇನ್ನೊಂದು ವಿಷಯ. ನೀರಿನೊಳಗೆ ಟಚ್ ಸ್ಕ್ರೀನ್ ಮಾತು ಕೇಳುವುದಿಲ್ಲ. ಹೆಚ್ಚಿನ ಫೋನುಗಳಲ್ಲಿ ಕ್ಯಾಮೆರಾ ತೆರೆದಿದ್ದಾಗ ವಾಲ್ಯೂಮ್ ಬಟನ್ ಒತ್ತಿದರೆ ಫೋಟೊ ಬೀಳುತ್ತದೆ. ಪೌಚಿನ ಮೇಲಿಂದ ಆ ಬಟನ್ ಹುಡುಕುವುದು ಬೆರಳಿಗೆ ಅಭ್ಯಾಸವಾಗಬೇಕು. ಅದನ್ನೂ ಬಕೆಟ್ಟಿನಲ್ಲೇ ಮಾಡಿ.

ಓಡುವ ಮಕ್ಕಳನ್ನು ಹಿಡಿಯುವ ಅಭ್ಯಾಸಕ್ಕೆ ದೇವರಾಯನದುರ್ಗ ಸಾಕು. ಭೋಗನರಸಿಂಹ ದೇವಸ್ಥಾನದಿಂದ ಮೇಲೆ ಯೋಗನರಸಿಂಹನ ಕಡೆಗೆ ಮೆಟ್ಟಿಲು ಹತ್ತುವಾಗ ಮಕ್ಕಳು ನಿಲ್ಲುವುದಿಲ್ಲ, ಅಲ್ವಾ? ನೀವು ನಾಲ್ಕು ಮೆಟ್ಟಿಲು ಮೇಲೆ ಹೋಗಿ, ಅವರು ನಿಮ್ಮ ಕಡೆ ಬರುವಾಗ ಬಟನ್ ಒತ್ತಿ ಹಿಡಿದು ಒಂದೇ ಸಮನೆ ಹತ್ತಿಪ್ಪತ್ತು ಫೋಟೊ ತೆಗೆಯಿರಿ. ಕ್ಯಾಮೆರಾ ಇದ್ದರೆ ನಡೆಯುವವರಿಗೆ ಶಟರ್ 1/250 ಸಾಕು, ಓಡುವವರಿಗೂ ಅಲೆಗೂ 1/1000 ಬೇಕು. ಇನ್ನೂ ಛಲ ಇದ್ದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿಗೆ ಹೋಗಿ. ಜಿಂಕೆಯ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ಅದನ್ನು ಚೌಕಟ್ಟಿನಲ್ಲಿ ಉಳಿಸಿಕೊಳ್ಳಲು ಬಂತು ಅಂದರೆ ಅಲೆಗೆ ಹೆದರಿ ಓಡುವ ಮೊಮ್ಮಗ ಯಾವ ಲೆಕ್ಕ?

ಬಿಳಿ ಮರಳು, ಕಪ್ಪು ಮುಖ

ದ್ವೀಪದ ಮರಳು ಹೆಚ್ಚುಕಡಿಮೆ ಬಿಳಿ. ಕ್ಯಾಮೆರಾ ಅಷ್ಟು ಬೆಳಕು ಕಂಡ ತಕ್ಷಣ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಮರಳು ಬೂದಿಯಾಗುತ್ತದೆ, ನಮ್ಮಂಥ ಕಂದು ಬಣ್ಣದವರ ಮುಖ ಇದ್ದಿಲಾಗುತ್ತದೆ. ಫೋನಿನಲ್ಲಿ ಮುಖವನ್ನು ಬೆರಳಲ್ಲಿ ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಕ್ಯಾಮೆರಾದವರು ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಜಾಸ್ತಿ ಇಟ್ಟುಕೊಳ್ಳಿ. ಮನೆಯಲ್ಲಿ ಇದನ್ನು ಕಲಿಯುವುದು ಸುಲಭ. ಮಹಡಿ ಮೇಲೆ ಬಿಳಿ ಪಂಚೆ ಒಣಗಲು ಹಾಕಿದಾಗ ಅದರ ಮುಂದೆ ಮಗನನ್ನು ನಿಲ್ಲಿಸಿ ತೆಗೆದು ನೋಡಿ.

ಇದಕ್ಕಿಂತ ಸುಲಭದ ದಾರಿ ನೆರಳು. ರಾಧಾನಗರದಲ್ಲಿ ಮರಳು ಮುಗಿದ ಕಡೆ ಎತ್ತರದ ಮರಗಳ ಸಾಲಿದೆ. ಆ ನೆರಳಿನ ಅಂಚಿಗೆ ಬಂದು, ಬಿಸಿಲು ಬಿದ್ದ ಮರಳಿನ ಕಡೆ ಮುಖ ಮಾಡಿಸಿ. ಮದುವೆ ಫೋಟೊಗೆ ನಾವು ಹಿಡಿಯುವ ಬೆಳ್ಳಿ ಬಣ್ಣದ ರಿಫ್ಲೆಕ್ಟರಿನ ಕೆಲಸವನ್ನು ಆ ಮರಳೇ ಮಾಡುತ್ತದೆ. ಕಣ್ಣಿನಲ್ಲಿ ಹೊಳಪು ಬರುತ್ತದೆ, ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಹಿಂದೆ ತೀರಾ ಚುಕ್ಕೆ ಚುಕ್ಕೆ ಬಿಸಿಲು ಬೀಳುವ ಎಲೆಗಳ ಕೆಳಗೆ ಮಾತ್ರ ಬೇಡ.

ಬಟ್ಟೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಮನೆಮಂದಿಯೆಲ್ಲ ಒಂದೇ ಟೀ ಶರ್ಟ್ ಹಾಕಿಕೊಳ್ಳುವುದು ನನಗೆ ಹಿಡಿಸುವುದಿಲ್ಲ. ಟೂರಿಸ್ಟ್ ಬಸ್ಸಿನ ಫೋಟೊ ಆಗುತ್ತದೆ. ಹಸಿರು ನೀಲಿ ನೀರಿನ ಮುಂದೆ ಅರಿಶಿನ, ಕುಂಕುಮ, ಕೇಸರಿ ಬಣ್ಣಗಳು ಎದ್ದು ಕಾಣುತ್ತವೆ. ಅಮ್ಮನ ಅರಿಶಿನ ಬಣ್ಣದ ಕಾಟನ್ ಸೀರೆಗಿಂತ ಚೆನ್ನಾಗಿ ಕಾಣುವ ಬಟ್ಟೆ ಅಲ್ಲಿ ಇನ್ನೊಂದಿಲ್ಲ.

ಕ್ಯಾಮೆರಾ ಇಟ್ಟುಕೊಂಡವರು ಒಂದೇ ಒಂದು ಫಿಲ್ಟರ್ ಕೊಳ್ಳುವುದಾದರೆ ಪೋಲರೈಸರ್ ಕೊಳ್ಳಿ. ನೀರಿನ ಮೇಲಿನ ಹೊಳಪು ಕಳೆದು ತಳದ ಹವಳ ಕಾಣುತ್ತದೆ. ಸೂರ್ಯ ನಿಮ್ಮ ಎಡಕ್ಕೋ ಬಲಕ್ಕೋ ಇದ್ದಾಗ ಅದರ ಕೆಲಸ ಜಾಸ್ತಿ, ಬೆನ್ನ ಹಿಂದೆ ಇದ್ದರೆ ಕಡಿಮೆ. ಸಂಜೆ ಬಿಚ್ಚಿಡಿ, ಸುಮ್ನೆ ಬೆಳಕು ನುಂಗುತ್ತದೆ.

ಮತ್ತೆ, ದಿಗಂತದ ಗೆರೆ ನೆಟ್ಟಗಿರಲಿ. ಪ್ರಿಂಟಿಗೆ ಬರುವ ಬೀಚ್ ಫೋಟೊಗಳಲ್ಲಿ ಸಮುದ್ರ ಒಂದು ಕಡೆ ವಾಲಿ ಚೆಲ್ಲಿಹೋಗುವಂತೆ ಇರುವುದೇ ಹೆಚ್ಚು. ಫೋನಿನಲ್ಲಿ ಗ್ರಿಡ್ ಆನ್ ಮಾಡಿಕೊಂಡರೆ ಮುಗಿಯಿತು. ಆ ಗೆರೆ ಯಾರ ಕುತ್ತಿಗೆಯ ಮೇಲೂ ಹಾಯದಂತೆ ನೋಡಿಕೊಳ್ಳಿ. ನೀವು ಸ್ವಲ್ಪ ಬಗ್ಗಿದರೆ ತಲೆ ಆಕಾಶಕ್ಕೆ ಹೋಗುತ್ತದೆ.

ನೀರಿನ ಕೆಳಗೆ

ಹ್ಯಾವ್‌ಲಾಕಿನ ಎಲಿಫೆಂಟ್ ಬೀಚಿನಲ್ಲೂ, ಪೋರ್ಟ್ ಬ್ಲೇರ್ ಎದುರಿನ ನಾರ್ತ್ ಬೇಯಲ್ಲೂ ಸ್ನಾರ್ಕೆಲಿಂಗ್ ಮಾಡಿಸುತ್ತಾರೆ. ಹಲವು ಕಡೆ ಅವರೇ ಫೋಟೊ ತೆಗೆದುಕೊಡುತ್ತಾರೆ. ನೀವೇ ತೆಗೆಯುವುದಾದರೆ ಮೂರು ಸಂಗತಿ ತಿಳಿದಿರಲಿ.

ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. 5 ಮೀಟರ್ ಕೆಳಗೆ ಹೋಗುವಷ್ಟರಲ್ಲಿ ಕೆಂಪು ಬನಿಯನ್ ಮಂಕು ಕಂದಾಗಿರುತ್ತದೆ. ಹಳದಿ ಇನ್ನೂ ಉಳಿದಿರುತ್ತದೆ. ಹಾಗಾಗಿ ಮೇಲ್ಮೈಯಿಂದ ಒಂದೆರಡು ಮೀಟರ್ ಒಳಗೇ ಫೋಟೊ ತೆಗೆಯಿರಿ, ಸೂರ್ಯ ನಿಮ್ಮ ಬೆನ್ನಿಗಿರಲಿ. ಎರಡನೆಯದು, ಹತ್ತಿರ ಹೋಗಿ. ನೀರಿನೊಳಗೆ ವಸ್ತುಗಳು ಇರುವುದಕ್ಕಿಂತ ಕಾಲುಭಾಗ ಹತ್ತಿರ ಕಾಣುತ್ತವೆ. “ಹತ್ತಿರ ಇದೀನಿ” ಅಂತ ನಿಮಗೆ ಅನ್ನಿಸಿದರೂ ನಡುವೆ ನೀರು ಇನ್ನೂ ಇದೆ, ಅದರಲ್ಲಿ ತೇಲುವ ಕಸವೆಲ್ಲ ಫೋಟೊದಲ್ಲಿ ಬರುತ್ತದೆ. ಜೂಮ್ ಮುಟ್ಟಲೇಬೇಡಿ. ಮೂರನೆಯದು ಫೋಟೊದ ವಿಷಯವೇ ಅಲ್ಲ. ಮಗು ನೀರಿನಲ್ಲಿದ್ದಾಗ ಒಬ್ಬರು ಫೋಟೊ ತೆಗೆಯಿರಿ, ಇನ್ನೊಬ್ಬರು ಬರೀ ಮಗುವನ್ನೇ ನೋಡುತ್ತಿರಿ. ಇಬ್ಬರೂ ಸ್ಕ್ರೀನ್ ನೋಡುವ ಕೆಲಸ ಬೇಡ.

ಹವಳದ ಮೇಲೆ ಕಾಲಿಡಬೇಡಿ, ಹಿಡಿದು ನಿಲ್ಲಬೇಡಿ. ಅದು ಕಲ್ಲಲ್ಲ, ಜೀವ. ದಡದಲ್ಲಿ ಬಿದ್ದ ಸತ್ತ ಹವಳದ ತುಂಡನ್ನೂ ಶೋಕೇಸಿಗೆ ಅಂತ ಬ್ಯಾಗಿಗೆ ಹಾಕಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಸಿಕ್ಕಿಬೀಳುತ್ತೀರಿ. ಅಂಗೈಯಲ್ಲಿಟ್ಟು ಒಂದು ಫೋಟೊ ತೆಗೆದು ಅಲ್ಲೇ ಬಿಡಿ. ಕೆಲವು ಕಡೆ ಮೊಸಳೆ ಎಚ್ಚರಿಕೆಯ ಬೋರ್ಡ್ ಇರುತ್ತದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ, ಅಲ್ಲಿ ಉಪ್ಪುನೀರಿನ ಮೊಸಳೆ ನಿಜವಾಗಿಯೂ ಇದೆ.

ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಹ್ಯಾವ್‌ಲಾಕಿನಲ್ಲಿ ದೋಣಿ ಹುಟ್ಟು ಹಾಕಿದರೆ ಕೆಲವು ಸಲ ನೀರು ನೀಲಿಯಾಗಿ ಮಿನುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕಲಕಿದಾಗ ಬೆಳಕು ಬಿಡುವುದು. ಅಲುಗಾಡುವ ದೋಣಿಯಲ್ಲಿ ಕೂತು ಫೋನಿನಲ್ಲಿ ಅದನ್ನು ಹಿಡಿಯಲು ಒದ್ದಾಡುವುದಕ್ಕಿಂತ ಕೈ ನೀರಿಗೆ ಬಿಟ್ಟು ನೋಡುತ್ತಾ ಕೂತರೆ ಲಾಭ.

ನೆಂಟರ ಮನೆಯಲ್ಲಿ

ಹೆಚ್ಚಿನವರು ಬೀಚಿನಲ್ಲಿ ಐನೂರು ಫೋಟೊ ತೆಗೆದು, ಉಳಿದುಕೊಂಡ ಮನೆಯದು ಒಂದೂ ಇಲ್ಲದೆ ವಾಪಸ್ ಬರುತ್ತಾರೆ. ನನ್ನನ್ನು ಕೇಳಿದರೆ ಅಲ್ಲಿಗೆ ಹೋಗುವುದೇ ಆ ಮನೆಗೆ. ಸಮುದ್ರ ಆಮೇಲೆ.

ನಮ್ಮ ಮನೆಯಲ್ಲಿ ಮೊದಲ ಫೋಟೊ ಸೂಟ್‌ಕೇಸ್ ಬಿಚ್ಚುವುದರದ್ದು. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಒಂದೊಂದೇ ತೆಗೆಯುತ್ತಾಳೆ. ರಾಗಿ ಹಿಟ್ಟು, ಹುಣಸೆಹಣ್ಣು, ಹುರಿಗಡಲೆ ಚಟ್ನಿಪುಡಿ, ಸಾರಿನ ಪುಡಿ, ಹಳೆ ಸೀರೆಯಲ್ಲಿ ಸುತ್ತಿದ ಹಪ್ಪಳ. ಕೊನೆಗೆ ತಿಪಟೂರಿನ ಕೊಬ್ಬರಿ. “ಅಮ್ಮ, ಇಲ್ಲಿ ಎಲ್ಲಿ ನೋಡಿದ್ರೂ ತೆಂಗಿನಮರಾನೇ, ಅಲ್ಲಿಂದ ಕೊಬ್ಬರಿ ಹೊತ್ಕೊಂಡು ಬಂದಿದೀಯಲ್ಲಮ್ಮ” ಅಂತ ಅಕ್ಕ ನಗುತ್ತಾಳೆ. “ನಿಮ್ಮೂರಿಂದು ನಿಮ್ಮೂರಿಂದೇ, ತಿಪಟೂರಿಂದು ತಿಪಟೂರಿಂದೇ” ಅಂತ ಅಮ್ಮ. ಆ ಹೊತ್ತಿಗೆ ಕ್ಯಾಮೆರಾ ಕೈಯಲ್ಲಿ ಇರಬೇಕು. ಹಾಗಾಗಿ ಸೂಟ್‌ಕೇಸ್ ಬಿಚ್ಚುವ ಮುಂಚೆ ಅದನ್ನು ಕಿಟಕಿ ಹತ್ತಿರ ಎಳೆದಿಡಿ, ನೀವು ಎದುರಿಗೆ ನೆಲದ ಮೇಲೇ ಕೂತುಕೊಳ್ಳಿ. ನಿಂತು ತೆಗೆದರೆ ಎಲ್ಲರ ನೆತ್ತಿ ಬರುತ್ತದೆ. ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಬೆಳಕು, ಟ್ಯೂಬ್ ಬೆಳಕು ಎರಡೂ ಬೆರೆತರೆ ಅರ್ಧ ಮುಖ ಹಸಿರಾಗುತ್ತದೆ. ಯಾರಿಗೂ “ಇಲ್ಲಿ ನೋಡಿ” ಅನ್ನಬೇಡಿ.

ನಮ್ಮ ಕಡೆ ಅಳಿಯನ ಎದುರು ಅತ್ತೆ ಫೋಟೊಗೆ ಕೂತರೆ ಸೆರಗು ಎಳೆದುಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ಭಾವನ ಜೊತೆ ಅಮ್ಮನನ್ನು ಸೋಫಾದ ಮೇಲೆ ಕೂರಿಸಿ ತೆಗೆದ ಫೋಟೊಗಳಲ್ಲೆಲ್ಲ ಇಬ್ಬರೂ ಬ್ಯಾಂಕಿಗೆ ಸಾಲ ಕೇಳಲು ಬಂದವರಂತೆ ಇದ್ದಾರೆ. ಅದೇ ಭಾವ ಬಂದರಿನಿಂದ ಮೀನು ತಂದು “ಅತ್ತೆ, ಇದಕ್ಕೆ ಹುಣಸೆಹಣ್ಣು ಎಷ್ಟು ಹಾಕಲಿ?” ಅಂತ ಅಡುಗೆಮನೆ ಬಾಗಿಲಲ್ಲಿ ನಿಂತಾಗ ತೆಗೆದರೆ ಇಬ್ಬರ ಮುಖವೂ ಬೇರೆ. ಹಿರಿಯರ ಕೈಗೆ ಏನಾದರೂ ಕೆಲಸ ಕೊಡಿ: ಹೂ ಕಟ್ಟುವುದು, ಮುದ್ದೆ ಕಟ್ಟುವುದು, ಮೊಮ್ಮಗಳಿಗೆ ಜಡೆ ಹಾಕುವುದು. ಕೈ ಕೆಲಸದಲ್ಲಿದ್ದರೆ ಮುಖ ಬಿಗಿಯುವುದಿಲ್ಲ. ಮುದ್ದೆ ತಟ್ಟೆಗೆ ಬಿದ್ದ ತಕ್ಷಣ ಹಬೆ ಏಳುತ್ತದಲ್ಲ, ಅದು ಕಾಣಬೇಕಾದರೆ ಬೆಳಕು ಹಿಂದಿನಿಂದ ಬರಬೇಕು. ತಟ್ಟೆಯ ಆಚೆ ಕಿಟಕಿ, ಈಚೆ ನೀವು.

ಬೀಚಿಗೆ ಹಿರಿಯರನ್ನು ಕರೆದುಕೊಂಡು ಹೋಗುವಾಗ ಮಡಚುವ ಕುರ್ಚಿ ಒಂದು ಇರಲಿ. ಮರಳಲ್ಲಿ ಕೂತವರನ್ನು ಎಬ್ಬಿಸುವುದು ಮಂಡಿನೋವಿನವರಿಗೆ ಶಿಕ್ಷೆ. ಅಮ್ಮ ಸಮುದ್ರಕ್ಕೆ ಇಳಿಯುವುದಿಲ್ಲ ಅಂತ ಹಟ ಹಿಡಿದಾಗ ನಾನು ಬಲವಂತ ಮಾಡಲಿಲ್ಲ. ಕುರ್ಚಿಯನ್ನು ನೀರು ಬಂದು ತಾಗುವ ಗೆರೆಯಲ್ಲಿ ಹಾಕಿದೆ ಅಷ್ಟೇ. ಮೊದಲ ಅಲೆ ಬಂದಾಗ ಸೀರೆ ಎರಡು ಬೆರಳು ಎತ್ತಿದಳು. ಎರಡನೆಯದಕ್ಕೆ ಕಣಕಾಲು ಕಂಡಿತು, ಬೆಳ್ಳಿ ಕಾಲುಂಗುರದ ಮೇಲೆ ನೊರೆ. ನಾನು ಮರಳಿನ ಮೇಲೆ ಮಲಗಿ ಬರೀ ಪಾದ, ನೊರೆ, ಸೀರೆಯ ಅಂಚು ಮೂರನ್ನೇ ತೆಗೆದೆ. ಮುಖ ಇಲ್ಲದ ಆ ಫೋಟೊ ಕಂಡವರೆಲ್ಲ “ಅಜ್ಜಿದೇ ಅಲ್ವಾ?” ಅನ್ನುತ್ತಾರೆ. ಎಲ್ಲ ಫೋಟೊದಲ್ಲೂ ಮುಖ ಇರಲೇಬೇಕು ಅಂತಿಲ್ಲ.

ಹಳೆಯ ಕೆಂಪು ಬಣ್ಣದ 20 ರೂಪಾಯಿ ನೋಟು ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ. ಅದರ ಹಿಂದೆ ಇರುವುದು ಮೌಂಟ್ ಹ್ಯಾರಿಯೆಟ್ ಮತ್ತು ಪೋರ್ಟ್ ಬ್ಲೇರ್ ಲೈಟ್‌ಹೌಸಿನ ನೋಟ. ಆ ಬೆಟ್ಟಕ್ಕೆ 2021ರಿಂದ ಮೌಂಟ್ ಮಣಿಪುರ ಅಂತ ಹೆಸರು. ನೋಟನ್ನು ಎದುರಿಗೆ ಹಿಡಿದು, ಹಿಂದೆ ಅದೇ ಲೈಟ್‌ಹೌಸ್ ಬರುವಂತೆ ಎಲ್ಲರೂ ತೆಗೆಯುತ್ತಾರೆ. ಫೋನ್ ಹಿಡಿದವರೇ ನೋಟನ್ನೂ ಹಿಡಿದರೆ ಒಂದು ಸ್ಪಷ್ಟ, ಇನ್ನೊಂದು ಮಸುಕು. ನೋಟನ್ನು ಮಕ್ಕಳ ಕೈಗೆ ಕೊಟ್ಟು ಎರಡು ಹೆಜ್ಜೆ ಮುಂದೆ ನಿಲ್ಲಿಸಿ, ಎರಡೂ ಸ್ಪಷ್ಟ ಬರುತ್ತವೆ.

ಜೈಲು, ಕಾಡು, ಕ್ಯಾಮೆರಾ ಮುಚ್ಚಬೇಕಾದ ಜಾಗ

ಸೆಲ್ಯುಲರ್ ಜೈಲು ಕಟ್ಟಿ ಮುಗಿದದ್ದು 1906ರಲ್ಲಿ. ನಡುವಿನ ಗೋಪುರದಿಂದ ಏಳು ಸಾಲು ಹೊರಟಿದ್ದವು, ಈಗ ಉಳಿದಿರುವುದು ಮೂರು. ಒಂದು ಸಾಲಿನ ಬಾಗಿಲು ಇನ್ನೊಂದರ ಬೆನ್ನಿಗೆ ಬರುವಂತೆ ಕಟ್ಟಿದ್ದಾರೆ, ಕೈದಿಗಳು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ. ಆ ಉದ್ದದ ಮೊಗಸಾಲೆಯಲ್ಲಿ ಕಮಾನಿನ ನೆರಳು ಸಾಲಾಗಿ ನೆಲಕ್ಕೆ ಬೀಳುವ ಹೊತ್ತು ನೋಡಿ. ಮನೆಯವರು ಒಬ್ಬರು ದೂರದಲ್ಲಿ, ಸಣ್ಣದಾಗಿ, ಬೆನ್ನು ತೋರಿಸಿ ನಡೆದು ಹೋಗಲಿ. ಕೋಣೆಯೊಳಗೆ ಹೋದರೆ ಫೋನನ್ನು ನೆಲದ ಹತ್ತಿರ ಇಟ್ಟು, 3 ಮೀಟರ್ ಎತ್ತರದಲ್ಲಿರುವ ಗವಾಕ್ಷಿಯನ್ನು ಒತ್ತಿ ಬೆಳಕು ಹೊಂದಿಸಿ. ಉಳಿದದ್ದು ಕತ್ತಲಾಗಲಿ, ಅದು ಹಾಗೇ ಇರಬೇಕು. ಕಂಬಿ ಹಿಡಿದು ನಾಲಿಗೆ ಚಾಚುವ ಫೋಟೊ, ಗಲ್ಲುಗಂಬದ ಮನೆಯ ಮುಂದೆ ಸೆಲ್ಫಿ, ಇವು ಬೇಡ ಅಂತ ಹೇಳಬೇಕಾಗಿ ಬಂದಿರುವುದೇ ಬೇಸರ.

ರಾಸ್ ದ್ವೀಪದಲ್ಲಿ ಬ್ರಿಟಿಷರ ಪಾಳುಬಿದ್ದ ಕಟ್ಟಡಗಳನ್ನು ಮರದ ಬೇರು ಅಪ್ಪಿ ಹಿಡಿದಿದೆ. ಮೋಡ ಇರುವ ದಿನ ಅಲ್ಲಿಗೆ ಹೋಗಿ. ಬಿಸಿಲಿದ್ದರೆ ಬೇರಿನ ಗೆರೆ ಎಲ್ಲ ನೆರಳಿನಲ್ಲಿ ಕಳೆದುಹೋಗುತ್ತದೆ. ಜಿಂಕೆಗಳು ಹತ್ತಿರವೇ ಬರುತ್ತವೆ, ತಿನ್ನಲು ಕೊಟ್ಟು ಪೋಸ್ ಕೊಡಿಸಬೇಡಿ.

ಬಾರಾಟಾಂಗ್‌ನ ಸುಣ್ಣಕಲ್ಲಿನ ಗುಹೆಗೆ ರಸ್ತೆಯಲ್ಲಿ ಹೋದರೆ ಜಾರವಾ ಎಂಬ ಆದಿವಾಸಿ ಜನರ ಮೀಸಲು ಕಾಡು ದಾಟಬೇಕು. ವಾಹನಗಳನ್ನು ಜಿರ್ಕಟಾಂಗ್‌ನಿಂದ ಸಾಲಾಗಿ ಬಿಡುತ್ತಾರೆ. ಅಲ್ಲಿ ಫೋಟೊ, ವಿಡಿಯೊ ತೆಗೆದರೆ ಅಪರಾಧ, ಗಾಡಿ ನಿಲ್ಲಿಸುವಂತೆಯೂ ಇಲ್ಲ. ಫೋನ್ ಬ್ಯಾಗಿನಲ್ಲಿ, ಬ್ಯಾಗ್ ಸೀಟಿನ ಕೆಳಗೆ. ಕಾನೂನಿನ ಮಾತು ಬಿಡಿ, ನಮ್ಮ ಮನೆ ಅಂಗಳದಲ್ಲಿ ಯಾರೋ ಬಸ್ಸಿನಿಂದ ಫೋಟೊ ಹೊಡೆದುಕೊಂಡು ಹೋದರೆ ನಾವು ಸುಮ್ಮನಿರುತ್ತೇವಾ? ಅಲ್ಲಿನ ವಿಮಾನ ನಿಲ್ದಾಣವೂ ನೌಕಾಪಡೆಯ ರನ್‌ವೇಯನ್ನೇ ಬಳಸುವುದು, ಅಲ್ಲೂ ಕ್ಯಾಮೆರಾ ಒಳಗಿಡಿ. ಡ್ರೋನ್ ಅನುಮತಿ ಇಲ್ಲದೆ ಹಾರಿಸುವ ಹಾಗಿಲ್ಲ. ಮದುವೆಗೆ ಹಾರಿಸುವ ಧೈರ್ಯ ಅಲ್ಲಿ ತೋರಿಸಬೇಡಿ.

ಉಪ್ಪು, ಬೆವರು, ಮಂಜು

ಎಸಿ ರೂಮಿನಿಂದ ಹೊರಗೆ ಬಂದ ತಕ್ಷಣ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ, ಏಕೆಂದರೆ ಗಾಜು ಇನ್ನೂ ತಣ್ಣಗಿದೆ. ರೂಮಿನಲ್ಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಗಾಳಿ ಹಿಂಡಿ ಮುಚ್ಚಿ, ಹೊರಗೆ ತಂದು ಅರ್ಧ ಗಂಟೆ ಬಿಟ್ಟು ಬಿಚ್ಚಿ. ಸೂರ್ಯೋದಯಕ್ಕೆ ಹೋಗುವವರು ರಾತ್ರಿಯೇ ಕ್ಯಾಮೆರಾವನ್ನು ಎಸಿ ಇಲ್ಲದ ಕೋಣೆಯಲ್ಲಿಟ್ಟರೆ ಈ ತಾಪತ್ರಯವೇ ಇಲ್ಲ.

ದೋಣಿಯಲ್ಲಿ ಹೋದ ದಿನ ಲೆನ್ಸಿನ ಮೇಲೆ ಕಣ್ಣಿಗೆ ಕಾಣದ ಉಪ್ಪಿನ ಪದರ ಇದ್ದೇ ಇರುತ್ತದೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಊದುವ ಬಲ್ಬಿನಿಂದ ಮರಳು ಹಾರಿಸಿ, ಕುಡಿಯುವ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಬೀಚಿನಲ್ಲಿ ಲೆನ್ಸ್ ಬಿಚ್ಚಿ ಬದಲಾಯಿಸಬೇಡಿ. ದೋಣಿಯ ಅಂಚಿಗೆ ಒರಗಿ ಫೋಟೊ ತೆಗೆದರೆ ಎಂಜಿನ್ ನಡುಕ ಕೈಗೆ ಬರುತ್ತದೆ, ಮಂಡಿ ಸ್ವಲ್ಪ ಬಗ್ಗಿಸಿ ಒರಗದೆ ನಿಲ್ಲಿ.

ದಿನಾ ರಾತ್ರಿ ಫೋಟೊಗಳನ್ನು ಇನ್ನೊಂದು ಕಡೆಗೆ ಕಾಪಿ ಮಾಡಿ. ಚೆನ್ನೈಯಿಂದ ಸಮುದ್ರದಡಿಯ ಕೇಬಲ್ 2020ರಲ್ಲಿ ಬಂದ ಮೇಲೆ ಇಂಟರ್‌ನೆಟ್ ಮೊದಲಿಗಿಂತ ಚೆನ್ನಾಗಿದೆ. ಆದರೂ ಸಣ್ಣ ದ್ವೀಪಗಳಲ್ಲಿ ಅದನ್ನೇ ನಂಬಿ ಕೂರಬೇಡಿ. ಫೋನಿಗೆ ನೇರ ಸಿಕ್ಕಿಸುವ ಪೆನ್‌ಡ್ರೈವ್ ಒಂದಿದ್ದರೆ ಸಾಕು. ಅದು ಫೋನಿದ್ದ ಬ್ಯಾಗಿನಲ್ಲಿ ಬೇಡ, ಅಮ್ಮನ ಪರ್ಸಿನಲ್ಲಿರಲಿ.

ವಾಪಸ್ ಬಂದ ಮೇಲೆ

ಪ್ರಿಂಟಿಗೆ ತರುವಾಗ ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸಬೇಡಿ. ಅದು ಹಿಂಡಿ ಚಿಕ್ಕದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರುತ್ತದೆ. 4 ಇಂಚು 6 ಇಂಚಿನ ಪ್ರಿಂಟಿಗೆ 1200 ಮತ್ತು 1800 ಪಿಕ್ಸೆಲ್ ಇದ್ದರೆ ಸಾಕು. 12 ಮೆಗಾಪಿಕ್ಸೆಲ್ ಫೋನಿನ ಫೋಟೊವನ್ನು ಕತ್ತರಿಸದೆ ಕೊಟ್ಟರೆ 12 ಇಂಚು 18 ಇಂಚಿನ ಆಲ್ಬಮ್ ಹಾಳೆಗೂ ನಡೆಯುತ್ತದೆ. ಫೋನಿನ ಸ್ಕ್ರೀನ್ ಪೂರ್ತಿ ಬೆಳಕಿನಲ್ಲಿ ಇಟ್ಟು ನೋಡಿ “ಚೆನ್ನಾಗಿದೆ” ಅಂದ ಫೋಟೊ ಕಾಗದದ ಮೇಲೆ ಕತ್ತಲಾಗಿ ಬರುತ್ತದೆ. ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ನೋಡಿ, ಬೇಕಾದರೆ ಮುಖಗಳನ್ನು ಸ್ವಲ್ಪ ಬೆಳಗಿಸಿ ಕೊಡಿ.

ಎರಡು ಸೆಟ್ ಮಾಡಿಸಿ, ಒಂದನ್ನು ಅಲ್ಲಿನ ಮನೆಗೆ ಪೋಸ್ಟ್ ಮಾಡಿ. ಹಿಂದೆ ಊರು, ತಿಂಗಳು, ಇದ್ದವರ ಹೆಸರು ಬರೆಯಿರಿ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಕಡೆ ಅಕ್ಷರ ಉಬ್ಬಿ ಕಾಣುತ್ತದೆ, ಪೆನ್ಸಿಲ್ ಆ ನುಣುಪು ಕಾಗದದ ಮೇಲೆ ನಿಲ್ಲುವುದಿಲ್ಲ. ಸಿಡಿ ಮೇಲೆ ಬರೆಯುವ ಸಣ್ಣ ಮೊನೆಯ ಮಾರ್ಕರ್ ಬಳಸಿ, ಎರಡು ನಿಮಿಷ ಒಣಗಲು ಬಿಡಿ. ಒಣಗುವ ಮುಂಚೆ ಒಂದರ ಮೇಲೊಂದು ಜೋಡಿಸಿದರೆ ಶಾಯಿ ಕೆಳಗಿನ ಫೋಟೊದವರ ಮುಖಕ್ಕೆ ಹತ್ತುತ್ತದೆ.